ಮೆಟ್ಟಿಲು ಗದ್ದೆಯಲ್ಲಿ ಚರಗ ಚೆಲ್ಲಿದ ದಿನ

ಅತ್ತೆಮ್ಮಾ,

ನಾವು ಬೆಟ್ಟಕ್ಕೆ ಹೋಗಿ ಬಂದೆವು. ನಾನು ಮತ್ತು ನಿಮ್ಮ ಮಗಳು ನಿರ್ಮಲಕ್ಕ, ಇಬ್ಬರೇ. ಮೂವರು ಎಂದು ಮಾತಾಗಿತ್ತು. ನೀವು ಅದಕ್ಕೂ ಮುಂಚೆ ಹೊರಟುಬಿಟ್ಟಿರಿ. ಬಂದ ಮೇಲೆ ನಿಮ್ಮೆದುರು ಕೂತು ಮೊದಲಿನಿಂದ ಹೇಳಬೇಕಿತ್ತು. ನೀವು ಎಲೆಗೆ ಸುಣ್ಣ ಹಚ್ಚುತ್ತಾ “ಆಮ್ಯಾಲೆ?” ಎನ್ನಬೇಕಿತ್ತು. ಅದು ಆಗದ್ದರಿಂದ ಬರೆಯುತ್ತಿದ್ದೇನೆ. ಕಾನ್ವೆಂಟಿನಲ್ಲಿ ಓದಿದ ಸೊಸೆಯ ಕನ್ನಡ ಇದು. ತಪ್ಪು ಕಂಡರೆ ನಗಿರಿ, ಬೇಸರವಿಲ್ಲ.

ಆ ಚಿತ್ರ ನೆನಪಿದೆಯೇ? ದಾವಣಗೆರೆಯ ಮನೆಯಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ನಾನು ಮರುದಿನದ ಭೂಗೋಳದ ಪಾಠಕ್ಕೆ ತಯಾರಾಗುತ್ತಿದ್ದೆ. ನೀವು ಕೊಕ್ಕನೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದಿರಿ. ಚೀಲದಿಂದ ಹೀರೆಕಾಯಿ ತೆಗೆದು ಹರವುತ್ತಾ ನನ್ನ ಪುಸ್ತಕದ ಮೇಲೆ ಬಗ್ಗಿದಿರಿ. ಬೆಟ್ಟದ ಮೈಯನ್ನೆಲ್ಲ ಕಡಿದು ಮಾಡಿದ ಗದ್ದೆಗಳ ಚಿತ್ರ.

“ಇದೇನವ್ವ, ಗದ್ದೆಗೆ ಮೆಟ್ಲು ಕಟ್ಯಾರೆ?”

“ಅಲ್ಲಿ ಸಮ ಜಾಗ ಇಲ್ಲ ಅತ್ತೆಮ್ಮ, ಅದಕ್ಕೆ.”

“ಎತ್ತು ಎಲ್ಲಿ ತಿರುಗ್ತಾವೆ?”

ಗೊತ್ತಿಲ್ಲ ಎಂದೆ.

“ಮ್ಯಾಲಿನೋರು ಕೆಳಗಿನೋರಿಗೆ ನೀರು ಬಿಡ್ತಾರೇನು?”

ಅದೂ ಗೊತ್ತಿರಲಿಲ್ಲ. “ಮತ್ತೆ ಹುಡುಗ್ರಿಗೆ ಏನು ಹೇಳಿಕೊಡ್ತೀಯಾ?” ಎಂದು ಬಿದ್ದು ಬಿದ್ದು ನಕ್ಕಿರಿ. ನಾಲೆಯ ಕೊನೆಯಲ್ಲಿ ಗದ್ದೆ ಮಾಡಿ, ಮೇಲಿನ ಊರುಗಳವರ ಜೊತೆ ನೀರಿಗಾಗಿ ಜೀವನವಿಡೀ ಜಗಳವಾಡಿದವರಿಗೆ ಆ ಪ್ರಶ್ನೆಯೇ ಮೊದಲು ಬರುತ್ತದೆಂದು ನನಗೆ ತಡವಾಗಿ ಹೊಳೆಯಿತು. ಹೀರೆಕಾಯಿ ಸಿಪ್ಪೆ ತೆಗೆಯುವಷ್ಟರಲ್ಲಿ ನೀವು ತೀರ್ಮಾನ ಮಾಡಿಯಾಗಿತ್ತು. “ಒಂದ್ಸಲ ಹೋಗಿ ನೋಡ್ಕಂಡು ಬರಾನ ನಡಿ. ಮಂಡಿ ಗಟ್ಟಿ ಇರುವಾಗ್ಲೇ.”

ಮಂಡಿ ಗಟ್ಟಿಯಾಗಿಯೇ ಇತ್ತು. ಎದೆ ಕೈಕೊಟ್ಟಿತು. ಯುಗಾದಿಗೆ ಮನೆ ಸಾರಿಸುವ ಮುಂಚೆಯೇ ನಿಮ್ಮನ್ನು ಗದ್ದೆಯ ಮೂಲೆಯ ದಿಣ್ಣೆಯಲ್ಲಿ, ಮಾವನ ಪಕ್ಕ, ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟೆವು. ಹಣೆಗೆ ವಿಭೂತಿ ಹಚ್ಚಿ, ಮಡಿಲಿಗೆ ಪತ್ರೆ ಹಾಕಿ ಕೂರಿಸಿದಾಗ ನೀವು ಯಾರನ್ನೋ ಕಾಯುತ್ತಾ ಕೂತವರ ಹಾಗೆ ಕಂಡಿರಿ. ಮನೆಗೆ ಬಂದು ನಾನು ದಸರಾ ರಜೆಗೆಂದು ಮಾತಾಡಿಟ್ಟಿದ್ದ ಬೆಟ್ಟದ ಪ್ರವಾಸ ರದ್ದು ಮಾಡೋಣ ಎಂದೆ. ನಿರ್ಮಲಕ್ಕ ಕಣ್ಣೊರೆಸಿಕೊಂಡು ಗದರಿದಳು. “ಅವ್ವಂದಷ್ಟೇ ರದ್ದು ಮಾಡು. ಆಕಿ ಪಾಲಿಂದೂ ನಾವೇ ನೋಡ್ಕಂಡು ಬರಾನ.”

ಈಗ ಒಂದು ಹಳೆಯ ದಿನದ ಮಾತು. ಪ್ರತಿ ವರ್ಷ ಸೀಗೆ ಹುಣ್ಣಿಮೆಗೆ ನಾವು ಕೊಕ್ಕನೂರಿಗೆ ಬರುತ್ತಿದ್ದೆವು. ಭತ್ತ ಹೊಡೆ ತುಂಬಿ, ತೆನೆಯನ್ನು ಒಳಗೇ ಇಟ್ಟುಕೊಂಡು ನಿಂತಿರುವ ಕಾಲ. ಭೂಮ್ತಾಯಿ ತುಂಬು ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಕಡುಬು, ಹೋಳಿಗೆ, ಬುತ್ತಿ, ಕುಂಬಳಕಾಯಿ ಪಲ್ಯ ಮಾಡಿಕೊಂಡು ಗದ್ದೆಗೆ ಹೋಗಿ, ಪೂಜೆ ಮಾಡಿ, ಎಲ್ಲವನ್ನೂ ಕಲಸಿ ಗದ್ದೆಯ ಸುತ್ತ ಚೆಲ್ಲುತ್ತಾ ಬರುವುದು. ಅದೇ ಚರಗ. ಮಾವ ಇರುವವರೆಗೆ ಅವರು ಚೆಲ್ಲುತ್ತಿದ್ದರು; ನೀವು ಹಿಂದಿನಿಂದ ಚೆಂಬಿನ ನೀರು ಚಿಮುಕಿಸುತ್ತಾ ನಡೆಯುತ್ತಿದ್ದಿರಿ. ಅವರು ತೀರಿದ ಮೇಲೆ ಬುಟ್ಟಿ ನಿಮ್ಮ ಮಗನ ಕೈಗೆ ಬರುತ್ತದೆಂದು ನಾವೆಲ್ಲ ಅಂದುಕೊಂಡಿದ್ದೆವು. ನೀವೇ ಎತ್ತಿ ತಲೆಯ ಮೇಲಿಟ್ಟುಕೊಂಡಿರಿ.

ಪಕ್ಕದ ಗದ್ದೆಯ ರುದ್ರಪ್ಪ ಬದುವಿನ ಮೇಲೆ ನಿಂತಿದ್ದರು. “ಗೌರಮ್ಮ, ಗಂಡ ಇಲ್ದೋರು ಬಸುರಿಗೆ ಉಣ್ಣಾಕೆ ಇಡ್ತಾರೇನು? ಬಸವರಾಜ ಇದಾನಲ್ಲ, ಅವನ ಕೈಗೆ ಕೊಡು” ಎಂದರು.

ನೀವು ತಿರುಗಿ ಸಹ ನೋಡಲಿಲ್ಲ. “ಬಸುರಿ ಏನು ಕೇಳ್ತಾಳೆ ಅಂತ ಹೆತ್ತೋಳಿಗೆ ಗೊತ್ತು ಕಣೋ ರುದ್ರಪ್ಪ. ನಿನಗೇನು ಗೊತ್ತು? ನನ್ನ ಮಗನಿಗೇನು ಗೊತ್ತು?”

ಎಲ್ಲರೂ ನಕ್ಕರು. ರುದ್ರಪ್ಪನವರೂ ನಕ್ಕರು. ನಾನೂ ನಕ್ಕೆ. ನಿಮ್ಮ ಆ ಧೈರ್ಯ ನನಗೆ ಅವತ್ತೂ ಇಷ್ಟವಾಯಿತು, ಇವತ್ತಿಗೂ ಇಷ್ಟ. ಆಮೇಲೆ ಬುಟ್ಟಿಗೆ ಕೈ ಹಚ್ಚಲು ಬಂದ ನನಗೆ “ನೀನು ನೆರಳಾಗೆ ಕೂಡು” ಎಂದಿರಿ. ಬೇವಿನ ಮರದ ಕೆಳಗೆ ಕೂತು ನೀವು ಬದುವಿನ ಮೇಲೆ ನಡೆಯುವುದನ್ನು ನೋಡುತ್ತಿದ್ದಾಗ ಹೆತ್ತೋಳಿಗೆ ಗೊತ್ತು ಎಂಬ ಮಾತು ನಿಧಾನವಾಗಿ ನನ್ನೊಳಗೆ ಇಳಿಯಿತು. ಮುಂದಿನ ವರ್ಷವೂ ನೆರಳಾಗೆ ಕೂಡು ಎಂದಿರಿ. ಅದರ ಮುಂದಿನ ವರ್ಷವೂ...

ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ನೀವು ಒಂದು ದಿನವೂ ನನ್ನನ್ನು ನೋಯಿಸಲಿಲ್ಲ. ಸಾರಥಿ ಎಂಬ ಪಕ್ಕದ ಊರಿನಲ್ಲಿ ಒಂದು ತೊಟ್ಟಿಲ ಶಾಸ್ತ್ರದ ಊಟಕ್ಕೆ ಕೂತಾಗ ಯಾರೋ ನನ್ನ ಕಡೆ ನೋಡಿ ಏನೋ ಅಂದರು. ನೀವು ಅರ್ಧ ಊಟದಲ್ಲಿ ಎಲೆ ಮಡಚಿ, “ಏಳವ್ವ, ಇಲ್ಲಿ ಸಾರು ಹಳಸೈತೆ” ಎಂದು ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಬಂದಿರಿ. ಹಾಗೆ ಎಬ್ಬಿಸಿದ ಕೈ ಬುಟ್ಟಿಯನ್ನು ಮಾತ್ರ ನನಗೇಕೆ ಕೊಡಲಿಲ್ಲ? ಬಿಸಿಲಿಗೆ ನನಗೆ ತಲೆನೋವು ಬರುತ್ತದೆಂದೇ? ಪೇಟೆಯ ಹುಡುಗಿ ಕೆಸರಲ್ಲಿ ಜಾರುತ್ತಾಳೆಂದೇ? ಅಥವಾ ಬಸುರಿಯ ಊಟಕ್ಕೆ ಬಂಜೆಯ ಕೈ... ಈ ವಾಕ್ಯವನ್ನು ನಾನು ಯಾವತ್ತೂ ಪೂರ್ತಿ ಮಾಡಿಲ್ಲ. ನಿಮ್ಮನ್ನು ಕೇಳಬಹುದಿತ್ತು. ನೀವು ಹೌದು ಎಂದುಬಿಟ್ಟರೆ ಆ ಸಾರಥಿಯ ಮಧ್ಯಾಹ್ನವೂ ನನ್ನ ಕೈ ತಪ್ಪಿಹೋಗುತ್ತದೆ ಎನಿಸುತ್ತಿತ್ತು.

ಈ ಸಲ ದಸರಾ ರಜೆ ಹತ್ತಿರ ಬಂದಾಗ ನಿಮ್ಮ ಮಗ, “ವರ್ಷ ತುಂಬೋವರೆಗೆ ಮನೇಲಿ ಹಬ್ಬ ಇಲ್ಲ, ಚರಗಾನೂ ಇಲ್ಲ. ನೀವಿಬ್ರೂ ಆರಾಮಾಗಿ ಹೋಗಿ ಬರ್ರಿ” ಎಂದರು. ಹೊರಟೆವು. ಹರಿಹರದಿಂದ ಬಂದ ನಿರ್ಮಲಕ್ಕನ ಚೀಲದಲ್ಲಿ ಬಟ್ಟೆಗಿಂತ ತಿಂಡಿ ಜಾಸ್ತಿ. ಗರಿಗರಿಯಾದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ದಿಂಬಿನಷ್ಟು ಮಂಡಕ್ಕಿ. ದೂರದ ಉತ್ತರದ ಕುಮಾವ್ ಬೆಟ್ಟಗಳ ಬುಡದಲ್ಲಿ ಜೀಪಿನಿಂದ ಇಳಿದು ತಲೆಯೆತ್ತಿ ನೋಡಿದವಳು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

“ಅನು, ನಮ್ಮೂರಾಗೆ ಎತ್ತರ ಅಂದ್ರೆ ಹೊಳೆ ಮ್ಯಾಲಿನ ಸೇತುವೆ ಒಂದೇ. ಇದನ್ನ ಹತ್ತಾಕೆ ಆಗ್ತದೇನೆ?”

“ನಿಧಾನಕ್ಕೆ ಹತ್ತೋಣ ಅಕ್ಕ.”

“ನಿಧಾನಕ್ಕೆ ಹತ್ತಿದ್ರೆ ಬೆಟ್ಟ ಸಣ್ಣದಾಗ್ತದಾ?”

ಆದರೂ ಹತ್ತಿದಳು. ನಿಮ್ಮ ಮಗಳಲ್ಲವೇ! ಹತ್ತು ಹೆಜ್ಜೆಗೊಮ್ಮೆ ನಿಂತು ದಾರಿಹೋಕರಿಗೆಲ್ಲ ಮಂಡಕ್ಕಿ ಹಂಚಿದಳು. ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ಹೆಂಗಸರು ಕೈಯೊಡ್ಡಿ ಇಸಿದುಕೊಂಡು, ತಿಂದು, ನಕ್ಕು ಹೋದರು. ನಾನು ಬದುಗಳನ್ನೇ ನೋಡುತ್ತಾ ನಡೆದೆ. ಅತ್ತೆಮ್ಮ, ಪುಸ್ತಕದ ಚಿತ್ರದಲ್ಲಿ ಮೆಟ್ಟಿಲುಗಳು ಸಮನಾಗಿದ್ದವು. ನಿಜದಲ್ಲಿ ಹಾಗಿಲ್ಲ. ಒಂದು ಗದ್ದೆ ನಮ್ಮ ಜಗಲಿಯಷ್ಟು, ಒಂದು ಸೀರೆ ಹರವಿದಷ್ಟು ಉದ್ದ, ಇನ್ನೊಂದು ಒಂದು ಬಂಡೆಯನ್ನು ಬಳಸಿಕೊಂಡು ಬಾಗಿದೆ. ಪ್ರತಿಯೊಂದಕ್ಕೂ ಕಲ್ಲು ಜೋಡಿಸಿದ ಗೋಡೆ. ಎತ್ತುಗಳು ಸಣ್ಣವು. ಕೊನೆಗೆ ಬಂದಾಗ ರೈತ ನೇಗಿಲನ್ನು ಎತ್ತಿ ಹಿಡಿದು ಅವನ್ನು ನಿಂತಲ್ಲೇ ತಿರುಗಿಸುತ್ತಾನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎರಡನೆಯದಕ್ಕೆ ಉತ್ತರ ಕೊಟ್ಟವರು ಹೀರಾದೇವಿ. ನಾವು ಇಳಿದುಕೊಂಡದ್ದು ಅವರ ಮನೆಯಲ್ಲಿ. ನಿಮ್ಮದೇ ವಯಸ್ಸು, ನಿಮ್ಮಂತೆಯೇ ಸೆರಗು ಸಿಕ್ಕಿಸಿಕೊಂಡು ಓಡಾಡುವ ಜೀವ. ಮೇಲಿನವರು ಕೆಳಗಿನವರಿಗೆ ನೀರು ಬಿಡುತ್ತಾರಾ ಎಂದು ಹಿಂದಿಯಲ್ಲಿ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೆ ಕೇಳಿದಾಗ, “ಬಿಡದೆ ಇಟ್ಟುಕೊಂಡರೆ ನಮ್ಮ ಗೋಡೆಯೇ ಕುಸಿಯುತ್ತದಲ್ಲ ಮಗಳೇ” ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ನಿರ್ಮಲಕ್ಕ ಚಪ್ಪಾಳೆ ತಟ್ಟಿದಳು. “ನಮ್ಮ ನಾಲೆಗೂ ಹಿಂಗೇ ಗ್ವಾಡೆ ಕಟ್ಬೇಕಿತ್ತು! ಅವ್ವ ಇದ್ದಿದ್ರೆ ಇದನ್ನ ಮೇಲಿನೂರಿನೋರ ಬಾಗಿಲಿಗೆ ಹೋಗಿ ಹೇಳಿ ಬರ್ತಿದ್ಲು.”

ನಾಲ್ಕನೆಯ ದಿನ ಬೆಳಿಗ್ಗೆ ಎದ್ದಾಗ ನಿರ್ಮಲಕ್ಕ ಲಿಂಗಪೂಜೆ ಮುಗಿಸಿ ಅಂಗಳದ ಅಂಚಿನಲ್ಲಿ ಸುಮ್ಮನೆ ಕೂತಿದ್ದಳು. ಎದುರಿಗೆ ಹಿಮದ ಬೆಟ್ಟಗಳ ಸಾಲು ತಿಳಿಯಾಗಿ ಕಾಣುತ್ತಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ.

“ಇವತ್ತು ಸೀಗೆ ಹುಣ್ಣಿಮೆ ಅನು.”

“ಹೌದಲ್ಲ!”

“ಊರಾಗೆ ಎಲ್ಲಾರ ಗದ್ದೆಗೂ ಬುಟ್ಟಿ ಬರ್ತಾವೆ. ನಮ್ಮ ಗದ್ದೆಗೆ ಯಾರೂ ಬರಲ್ಲ. ಅವ್ವ ಅಲ್ಲಿ ಕುಂತು ನೋಡ್ತಿರ್ತಾಳೆ.”

ನಾನು ಪಕ್ಕದಲ್ಲಿ ಕೂತೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಭೂಮಿ ಎಲ್ಲಿದ್ರೂ ಭೂಮೀನೇ. ಇಲ್ಲೇ ಚೆಲ್ಲಾನ. ಆಯಮ್ಮನ್ನ ಕೇಳು” ಎಂದಳು.

ಹೀರಾದೇವಿಗೆ ವಿವರಿಸಿದೆ. ಭೂಮಿ ಬಸುರಿ, ಅವಳಿಗೆ ಬಯಕೆಯೂಟ ಬಡಿಸುತ್ತೇವೆ, ನಿಮ್ಮ ಗದ್ದೆಯಲ್ಲಿ ಮಾಡಬಹುದೇ ಎಂದು. ಅವರು ನನ್ನನ್ನೂ ನೋಡಿದರು, ಕೆಳಗಿನ ಗದ್ದೆಗಳನ್ನೂ ನೋಡಿದರು. ಭತ್ತದ ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಬಣವೆಗಳು ಎದ್ದಿದ್ದವು. ರಾಗಿಯೂ ಅರ್ಧ ಕೊಯ್ದಾಗಿತ್ತು. ನಾವು ಮೂರು ದಿನದಿಂದ ಅದನ್ನೇ ನೋಡುತ್ತಾ ಓಡಾಡಿದ್ದೆವು.

“ಬಸುರಿಯೇ? ಇಲ್ಲಿ ಹೆರಿಗೆ ಆಗಿ ಎಷ್ಟು ದಿನವಾಯಿತು! ಈಗ ಬಯಕೆಯೂಟ ಯಾರಿಗೆ?” ಎಂದು ಹೀರಾದೇವಿ ಗೋಡೆ ಹಿಡಿದುಕೊಂಡು ನಕ್ಕರು.

ಎಂಥ ತಪ್ಪು ಅತ್ತೆಮ್ಮ! ಬಯಲುನಾಡಿನ ನಮ್ಮಂಥವರು ಮಾತ್ರ ಮಾಡುವ ತಪ್ಪು. ನಮ್ಮ ಪಂಚಾಂಗವನ್ನು ಹೊತ್ತು ಅಷ್ಟೆತ್ತರ ಹತ್ತಿ, ಬಾಣಂತಿಗೆ ಸೀಮಂತ ಮಾಡಲು ಹೊರಟಿದ್ದೆವು. ನಿರ್ಮಲಕ್ಕನ ಮುಖ ಸಣ್ಣದಾಯಿತು. ಅದನ್ನು ನೋಡಿ ಹೀರಾದೇವಿ ನಗು ನಿಲ್ಲಿಸಿದರು. ಸೌದೆ ಒಲೆಯ ಕಡೆ ತಿರುಗುತ್ತಾ, “ಹೆತ್ತವಳಿಗೆ ಹಸಿವು ಇನ್ನೂ ಜಾಸ್ತಿ. ಅವಳಿಗೆ ಯಾರು ಬಡಿಸುತ್ತಾರೆ? ಎಲ್ಲ ಮಗುವನ್ನೇ ನೋಡುತ್ತಾರೆ. ನಡೆಯಿರಿ, ಅಡುಗೆ ಮಾಡೋಣ” ಎಂದರು.

ರಾಗಿ ರೊಟ್ಟಿ, ಕೆಂಪಕ್ಕಿ ಅನ್ನ, ಕುಂಬಳಕಾಯಿ, ಬೆಲ್ಲ. ಅದಕ್ಕೆ ನಿರ್ಮಲಕ್ಕ ಗೋಧಿ ಹಿಟ್ಟಿನ ಕಡುಬು ಮಾಡಿ ಸೇರಿಸಿದಳು. ಎಲ್ಲ ಕಲಸಿ ಬುಟ್ಟಿಗೆ ಹಾಕಿದ ಮೇಲೆ ಗದ್ದೆಯ ಅಂಚಿಗೆ ಹೋಗಿ ಕೆಳಗೆ ಇಣುಕಿ, ಹಾಗೇ ಹಿಂದೆ ಸರಿದು ಬಂದಳು.

“ನನಗೆ ತಲೆ ತಿರುಗ್ತದೆ. ನೀನೇ ಚೆಲ್ಲು.”

“ನಾನಾ?”

“ಮತ್ಯಾರು, ಬೆಟ್ಟದ ಮ್ಯಾಲೆ ರುದ್ರಪ್ಪ ಬರ್ತಾನಾ?”

ಕೈ ಮುಂದೆ ಬರಲಿಲ್ಲ. ಇಷ್ಟು ವರ್ಷ ನಿಮ್ಮ ಮುಂದೆ ಆಡದ ಮಾತನ್ನು ನಿಮ್ಮ ಮಗಳ ಮುಂದೆ ಆಡಿಬಿಟ್ಟೆ. “ಹೆತ್ತೋಳಿಗೆ ಗೊತ್ತು ಅಂದಿದ್ದರಲ್ಲ ಅಕ್ಕ, ಅತ್ತೆಮ್ಮ. ಯಾವತ್ತೂ ನನ್ನ ಕೈಗೆ ಕೊಡಲಿಲ್ಲ.”

ಅವಳು ನನ್ನನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೈದಳು ನೋಡಿ, ಬೆಟ್ಟವೆಲ್ಲ ಕೇಳುವ ಹಾಗೆ!

“ಅಯ್ಯೋ ಹುಚ್ಚಿ, ಆ ಮಾತು ರುದ್ರಪ್ಪನ ಬಾಯಿ ಮುಚ್ಚಿಸಾಕೆ ಅಂದಿದ್ದು. ಇಷ್ಟು ವರ್ಷ ಇದನ್ನ ಹೊಟ್ಟ್ಯಾಗೆ ಇಟ್ಕಂಡು ಕುಂತಿದ್ಯಾ? ನಾನು ಎರಡು ಹೆತ್ತೀನಿ. ನನಗೆ ಕೊಟ್ಲೇನು ಆಕಿ? ಒಂದು ವರ್ಷ ಹಟ ಮಾಡಿ ಕೇಳಿದ್ದಕ್ಕೆ, ನಿನ್ನ ಗಂಡನ ಮನೆ ಗದ್ದೇಲಿ ಹೋಗಿ ಚೆಲ್ಲು ಅಂದ್ಲು. ತನ್ನ ಸೌಟು, ತನ್ನ ಬುಟ್ಟಿ, ತನ್ನ ಗದ್ದೆ. ಯಾರಿಗೆ ಬಿಟ್ಟುಕೊಟ್ಟಾಳೆ ಅವ್ವ, ಹೇಳು? ಸಾರಿಗೆ ಉಪ್ಪು ಹಾಕಾಕೆ ಬಿಡ್ತಿದ್ಲಾ?”

ಇಲ್ಲ, ಬಿಡುತ್ತಿರಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಬುಟ್ಟಿ ಎತ್ತಿಕೊಂಡೆ.

ನೀವು ಚೆಲ್ಲಿದ್ದು ನಮ್ಮ ಗದ್ದೆಯಲ್ಲೇ ಬೀಳುತ್ತಿತ್ತು. ಬೆಟ್ಟದಲ್ಲಿ ಹಾಗಿಲ್ಲ. ನಾನು ಮೊದಲ ಹಿಡಿ ಎಸೆದಾಗ ಅದು ಅಂಚು ದಾಟಿ ಕೆಳಗಿನ ಗದ್ದೆಯಲ್ಲಿ ರಾಗಿ ಕೊಯ್ಯುತ್ತಿದ್ದ ಹೆಂಗಸಿನ ಬೆನ್ನಿಗೆ ಬಿತ್ತು. ಅವಳು ಕುಡುಗೋಲು ಹಿಡಿದೇ ಎದ್ದು ನಿಂತು ಕೂಗಿದಳು. ಹೀರಾದೇವಿ ಮೇಲಿನಿಂದಲೇ ಕೂಗಿ ವಿಷಯ ತಿಳಿಸಿದರು. ಅವಳು ಮೈಮೇಲೆ ಬಿದ್ದ ಕಡುಬಿನ ಚೂರನ್ನು ತೆಗೆದು, ಮೂಸಿ, ಬಾಯಿಗೆ ಹಾಕಿಕೊಂಡು, “ಇನ್ನೊಂದು ಎಸೆಯಿರಿ, ಸಿಹಿಯಾಗಿದೆ!” ಎಂದಳು. ನಾನು ನಿಮ್ಮ ಹಾಗೆಯೇ “ಹುಲಿಗೋ... ಹುಲಿಗೋ...” ಎಂದು ಕೂಗುತ್ತಾ ನಡೆದೆ. ಏನದು ಎಂದು ಹೀರಾದೇವಿ ಕೇಳಿದರು. ಹುಲಿಗೂ ಒಂದು ಪಾಲು ಎಂದೆ. ಅವರು ಗಾಬರಿಯಿಂದ ನನ್ನ ಬಾಯಿಗೇ ಕೈ ಇಟ್ಟರು. “ಅದನ್ನು ಕರೆಯಬೇಡಿ! ಅದು ಇಲ್ಲಿ ನಿಜವಾಗಿ ಬರುತ್ತದೆ. ಹೋದ ತಿಂಗಳು ನಮ್ಮ ನಾಯಿಯನ್ನು ಹೊತ್ತುಕೊಂಡು ಹೋಗಿದೆ.” ಉಳಿದದ್ದನ್ನು ನಾನು ಪಿಸುಮಾತಿನಲ್ಲಿ ಚೆಲ್ಲಿದೆ. ನಿರ್ಮಲಕ್ಕ ಚೆಂಬು ಹಿಡಿದು ಗೋಡೆಗೆ ಒತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ, ಹಿಂದೆ ಹಿಂದೆ ನೀರು ಚಿಮುಕಿಸುತ್ತಾ ಬಂದಳು.

ವಾಪಸ್ಸು ಬರುವಾಗ ರೈಲಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು. ನನಗೆ ನಿದ್ದೆ ಬರಲಿಲ್ಲ. ಅಕ್ಕ ಹೇಳಿದ್ದು ನಿಜವೇ? ಮದುವೆಯಾದ ಮೇಲೆ ಹುಣ್ಣಿಮೆಯ ದಿನ ಅವಳು ಗಂಡನ ಮನೆಯ ಗದ್ದೆಯಲ್ಲಿ ಇರುತ್ತಿದ್ದಳಲ್ಲ. ಕೊಕ್ಕನೂರಿನಲ್ಲಿ ಬುಟ್ಟಿ ಕೇಳಿದ್ದು ಯಾವಾಗ? ನನ್ನ ಮುಖ ನೋಡಿ ಆ ಕ್ಷಣಕ್ಕೆ ಹೆಣೆದ ಕತೆಯೇ? ಇರಬಹುದು. ನೀವು ನನ್ನನ್ನು ಸಾರಥಿಯ ಪಂಕ್ತಿಯಿಂದ ಎಬ್ಬಿಸಿಕೊಂಡು ಬಂದಾಗ ಹಳಸದ ಸಾರನ್ನು ಹಳಸಿದೆ ಎಂದಿರಲಿಲ್ಲವೇ? ನಿಮ್ಮ ಮನೆಯವರು ಹೀಗೆಯೇ. ಒಬ್ಬರನ್ನು ಕಾಪಾಡಬೇಕಾದಾಗ ಸತ್ಯವನ್ನು ಸ್ವಲ್ಪ ಪಕ್ಕಕ್ಕೆ ಸರಿಸುತ್ತೀರಿ. ಯಾವುದು ನಿಜ ಎಂದು ತಿಳಿಯದೆಯೂ ನಾನು ಹಗುರಾಗಿದ್ದೆ. ಯಾಕೆ ಹಗುರಾದೆ ಎಂದು ನನ್ನನ್ನೇ ಕೇಳಿಕೊಂಡೆ. ಬುಟ್ಟಿಯ ಭಾರ ಎಷ್ಟೆಂದು ಈಗ ನನಗೆ ಗೊತ್ತು, ಅದಕ್ಕೇ ಇರಬೇಕು.

ಹೋದ ಭಾನುವಾರ ಒಬ್ಬಳೇ ಗದ್ದೆಗೆ ಬಂದಿದ್ದೆ. ನೀವು ನೋಡಿರುತ್ತೀರಿ. ಹುಣ್ಣಿಮೆಯ ದಿನ ಅಲ್ಲಿ ಏನಾಯಿತೆಂದೂ ನಿಮಗೆ ಗೊತ್ತಿದ್ದೀತು; ನನಗೆ ಗೊತ್ತಾದದ್ದು ಅವತ್ತೇ. ನಿಮ್ಮ ದಿಣ್ಣೆಯ ಮೇಲೆ ಒಣಗಿದ ಕಡುಬಿನ ಚೂರು, ಇರುವೆ ಸಾಲು ಕಂಡು ನಾನು ನಿಂತೆ. ಬದುವಿನ ಆಚೆಯಿಂದ ರುದ್ರಪ್ಪನವರು ಬಂದರು. ಈಗ ಕೋಲು ಹಿಡಿದಿದ್ದಾರೆ.

“ನಾನೇ ಹಾಕಿದ್ದು. ಹಬ್ಬ ಮಾಡಬಾರ್ದು ಅಂದ್ರೆ ನಿಮ್ಮ ಮನೆಯೋರು ಮಾಡಬಾರ್ದು. ಪಕ್ಕದೋನು ಒಂದು ಹಿಡಿ ಎಸದ್ರೆ ಯಾರು ಕೇಳ್ತಾರೆ? ಗೌರಮ್ಮ ಅಲ್ಲಿ ಕುಂತು ನೋಡ್ತಿರುವಾಗ ನನಗೆ ಉಣ್ಣಾಕಾಗ್ತದೇನಮ್ಮ?”

ಅವರೇ ಮತ್ತೆ ಕೇಳಿದರು. “ಬರೋ ವರ್ಷ ಯಾರು ಚೆಲ್ಲೋರು? ಬಸವರಾಜನಾ?”

“ಇಲ್ಲ. ನಾನು.”

ಅವರು ಕೋಲಿನ ಮೇಲೆ ಎರಡೂ ಕೈ ಊರಿ ನನ್ನನ್ನು ನೋಡಿದರು. ನಾನು ಕಾದೆ. ಅವರು ಏನಾದರೂ ಅಂದರೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ. ನಿಮ್ಮ ಹಾಗೆ ನಗಿಸಿ ಬಾಯಿ ಮುಚ್ಚಿಸುವುದು ನನಗೆ ಬರುವುದಿಲ್ಲವಲ್ಲ.

“ಹಂಗಾದ್ರೆ ಆ ಮೂಲೆ ಬದುವಿನ ಮ್ಯಾಲೆ ನೋಡಿ ಕಾಲಿಡು. ಏಡಿ ತೂತು ಮಾಡ್ಯಾವೆ. ಬುಟ್ಟಿ ಹೊತ್ಕಂಡು ಬಿದ್ದೀಯ” ಎಂದು ಹೇಳಿ ತಮ್ಮ ಗದ್ದೆಯ ಕಡೆ ಹೊರಟರು. ಅಷ್ಟೇ.

ಬದುವಿನ ಉದ್ದಕ್ಕೂ ನಡೆದು ನೋಡಿದೆ ಅತ್ತೆಮ್ಮ. ಹೌದು, ಬೇಕಾದಷ್ಟು ತೂತುಗಳಿವೆ. ಕೊಯ್ಲು ಮುಗಿದು ಮಣ್ಣು ಒಣಗಲಿ. ಬೇಸಿಗೆ ರಜೆಯಲ್ಲಿ ಬಂದು ನಾನೇ ನಿಂತು ಒಂದೊಂದನ್ನೂ ಮುಚ್ಚಿಸುತ್ತೇನೆ.

ನಿಮ್ಮ,
ಅನುಪಮಾ